ಒಂದು ಯುಗ್ಮಕದ ಪ್ರಕಟನ ಚರಿತ್ರೆ: 'ಸ್ಟ್ರಾಬೆರಿ ಫೀಲ್ಡ್ಸ್' ಮತ್ತು 'ಪೆನ್ನಿ ಲೇನ್'

ಇಂಗ್ಲೆಂಡಿನ 'ಬೀಟಲ್ಸ್' ಎಂಬ ಗಾಯಕಮಂಡಲಿಯು 1967ನೆಯ ಇಸವಿಯ ಫೆಬ್ರವರಿಯಲ್ಲಿ ಒಂದು ಚಿಕ್ಕ ಗ್ರಾಮೋಫೋನ್ ತಟ್ಟೆಯನ್ನು ಹೊರಡಿಸಿತು. ಅದು 7 ಅಂಗುಲ ಅಗಲದ್ದು. ನಿಮಿಷಕ್ಕೆ 45 ಸುತ್ತು ತಿರುಗತಕ್ಕದ್ದು. ಒಂದು ಮುಖದಲ್ಲಿ 'ಸ್ಟ್ರಾಬೆರಿ ಫೀಲ್ಡ್ಸ್ ಫಾರ್ ಎವರ್' ಎಂಬ ಹಾಡು; ಮಗುಚಿದರೆ 'ಪೆನ್ನಿ ಲೇನ್'. ಮೊದಲನೆಯದು ಸುಮಾರು ನಾಲ್ಕು ನಿಮಿಷದ್ದು, ಎರಡನೆಯದು ಮೂರು ನಿಮಿಷದ್ದು. ಏಳು ನಿಮಿಷಗಳ ಈ ಗಾನವನ್ನು ಕುರಿತು ಅಲ್ಲಿಂದೀಚೆಗೆ ಬರೆದಿರುವ ಗ್ರಂಥಗಳಿಗೆ ಮಿತಿಯಿಲ್ಲ. ಹಾಡುಗಳ ಗುಣದ ವಿಷಯದಲ್ಲಿ ರಸಿಕರಲ್ಲಿ ಹೆಚ್ಚು ಭಿನ್ನಾಭಿಪ್ರಾಯವೂ ಇಲ್ಲ. ವಿವಾದವಿರುವುದು ಪ್ರಕಟನೆಯ ಕ್ರಮದಲ್ಲಿ. ಈ ತಟ್ಟೆಯ ಮುದ್ರಣವನ್ನು ನಡೆಸಿದ ಜಾರ್ಜ್ ಮಾರ್ಟಿನನೇ ಮುಂದೆ, ಇವೆರಡನ್ನೂ ಬಿಡಿಯಾಗಿ ಮಾರಾಟಕ್ಕೆ ಕೊಟ್ಟು ಅದೇ ವರ್ಷದ 'ಸಾರ್ಜೆಂಟ್ ಪೆಪ್ಪರ್' ಎಂಬ ದೊಡ್ಡ ಸಂಕಲನದಿಂದ ಹೊರಗಿಟ್ಟದ್ದು ತನ್ನ ವೃತ್ತಿಜೀವನದ ಅತಿ ದೊಡ್ಡ ತಪ್ಪೆಂದು ಹೇಳಿಕೊಂಡನು. ಕರ್ತೃಸಮಾನನಾದವನ ಮಾತಾದುದರಿಂದ ಇದು ಆಪ್ತವಾಕ್ಯದಂತೆ ನಡೆದುಬಂದಿದೆ. ಆದರೆ ಆಪ್ತವಾಕ್ಯವನ್ನಾದರೂ ಯುಕ್ತಿಯ ಒರೆಗಲ್ಲಿಗೆ ಹಚ್ಚದೆ ಅಂಗೀಕರಿಸುವುದು ವಿಮರ್ಶೆಯ ಧರ್ಮವಲ್ಲ. ಆ ಪಶ್ಚಾತ್ತಾಪವು ಅಸ್ಥಾನದಲ್ಲಿ ಪಟ್ಟದ್ದೆಂದು ತೋರಿಸಲು ಸಾಧ್ಯವಿದೆ.

ಭಾರತೀಯ ಆಲಂಕಾರಿಕರು ಪದ್ಯಗಳನ್ನು ವಿಭಾಗಿಸುವಾಗ, ಬೇರೊಂದನ್ನು ಅಪೇಕ್ಷಿಸದೆ ತಾನೇ ಪೂರ್ಣವಾಗಿ ನಿಲ್ಲುವ ಪದ್ಯವನ್ನು ಮುಕ್ತಕವೆಂದರು. ಎರಡು ಪದ್ಯಗಳು ಸೇರಿ ಒಂದು ವಾಕ್ಯಾರ್ಥವನ್ನು ಮುಗಿಸಿದರೆ ಅದನ್ನು ಯುಗ್ಮಕವೆಂದರು. ಇವು ಚಿಕ್ಕವಾದ ಮಾತ್ರಕ್ಕೆ ಮಹಾಪ್ರಬಂಧಗಳಿಗಿಂತ ಕೀಳೆಂದು ಅವರು ಎಣಿಸಲಿಲ್ಲ. ಅಮರುಕನ ಒಂದೊಂದು ಮುಕ್ತಕವೂ ಪ್ರಬಂಧದಷ್ಟೇ ರಸವನ್ನು ಸುರಿಸುವುದೆಂದು ಆನಂದವರ್ಧನನೇ ಮೆಚ್ಚಿಕೊಂಡಿರುವನು. ಪಾಶ್ಚಾತ್ಯ ಗಾನವ್ಯಾಪಾರದಲ್ಲಿಯೂ ಹೆಚ್ಚು ಕಡಮೆ ಇದೇ ವಿಭಾಗವಿದೆ. ಒಂದೊಂದು ಮುಖಕ್ಕೆ ಒಂದೊಂದು ಹಾಡುಳ್ಳ ಚಿಕ್ಕ ತಟ್ಟೆಯು 'ಸಿಂಗಲ್'. ಹನ್ನೆರಡೋ ಹದಿನಾಲ್ಕೋ ಹಾಡುಗಳನ್ನು ಕೋದ ದೊಡ್ಡ ತಟ್ಟೆಯು 'ಆಲ್ಬಂ'. ಸಿಂಗಲಿನ ಎರಡನೆಯ ಮುಖಕ್ಕೆ ಸಾಮಾನ್ಯವಾಗಿ ಯಾವುದಾದರೂ ಎರಡನೆಯ ತರಗತಿಯ ಹಾಡನ್ನು ತುಂಬುವುದು ವಾಡಿಕೆ. ತರಕಾರಿಯವಳು ಕೊಸರಿಗೆ ಹಾಕುವ ಕೊತ್ತಂಬರಿಯಂತೆ. ಈ ತಟ್ಟೆಯಲ್ಲಿಯಾದರೋ ಎರಡು ಮುಖಗಳೂ ಸಮಾನವೆಂದು ಪ್ರಕಾಶಕರೇ ಸಾರಿದರು. ಇದು ಮುಕ್ತಕವಲ್ಲ, ಯುಗ್ಮಕ. ಈ ಮಾತಿನಲ್ಲಿಯೇ ಮುಂದಿನ ವಾದವೆಲ್ಲ ಅಡಗಿರುವುದು.

ಲಿವರ್‌ಪೂಲ್ ಪಟ್ಟಣದ ಈ ನಾಲ್ವರು (ಜಾನ್ ಲೆನ್ನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್) 1966ನೆಯ ಇಸವಿ ಆಗಸ್ಟ್ 29ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಚೇರಿಮಾಡಿ, ಊರೂರು ತಿರುಗಿ ಹಾಡುವುದನ್ನು ಅಲ್ಲಿಗೇ ನಿಲ್ಲಿಸಿದರು. ಜನರ ಕೂಗಾಟದಲ್ಲಿ ತಮ್ಮ ಹಾಡು ತಮಗೇ ಕೇಳಿಸದಷ್ಟು ಕೀರ್ತಿ ಬಂದಿತ್ತು. ತರುವಾಯ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಹ್ಯಾರಿಸನನು ಭಾರತಕ್ಕೆ ಬಂದು ಪಂಡಿತ ರವಿಶಂಕರರಲ್ಲಿ ಸಿತಾರಿನ ಪಾಠ ಹೇಳಿಸಿಕೊಂಡನು. ಲೆನ್ನನನು ಒಂದು ಚಲಚ್ಚಿತ್ರದಲ್ಲಿ ಪಾತ್ರವಹಿಸಲು ಸ್ಪೇನ್ ದೇಶದ ಅಲ್ಮೇರಿಯಾ ಎಂಬಲ್ಲಿಗೆ ಹೋದನು. ಚಿತ್ರೀಕರಣವೆಂದರೆ ಕ್ಷಣಕಾಲದ ಕೆಲಸಕ್ಕೆ ದಿನವೆಲ್ಲ ಕಾಯುವುದು. ಹಾಗೆ ಕಾಯುತ್ತ ಕುಳಿತ ಹೊತ್ತಿನಲ್ಲಿ, ಪರದೇಶದ ಬಿಸಿಲಿನಲ್ಲಿ, ಅವನಿಗೆ ನೆನಪಾದದ್ದು ಬಾಲ್ಯದ ಒಂದು ತೋಟ.

ಲಿವರ್‌ಪೂಲಿನ ವುಲ್ಟನ್ ಎಂಬ ಹೊರಪೇಟೆಯಲ್ಲಿ 'ಸ್ಟ್ರಾಬೆರಿ ಫೀಲ್ಡ್' ಎಂಬ ದೊಡ್ಡ ಬಂಗಲೆಯಿತ್ತು. 1936ರಿಂದ ಸಾಲ್ವೇಷನ್ ಆರ್ಮಿಯವರು ಅದರಲ್ಲಿ ಅನಾಥ ಮಕ್ಕಳ ಆಶ್ರಮವನ್ನು ನಡೆಸುತ್ತಿದ್ದರು. 2005ರ ವರೆಗೂ ಅದು ನಡೆಯಿತು. ಲೆನ್ನನನು ಬೆಳೆದದ್ದು ಅದರ ಸಮೀಪದಲ್ಲಿ, ತಾಯಿಯ ಮನೆಯಲ್ಲಿ ಅಲ್ಲ, ದೊಡ್ಡಮ್ಮನ ಮನೆಯಲ್ಲಿ. ತಂದೆಯು ಹಡಗಿನ ಕೆಲಸದವನು; ಮನೆಗೆ ಆಗದವನು. ತಾಯಿ ಜೂಲಿಯಾ ಬೇರೆ ಸಂಸಾರವನ್ನು ಹೂಡಿದ್ದಳು; ಮಗನಿಗೆ 17 ವರ್ಷವಾಗಿದ್ದಾಗ, 1958ರಲ್ಲಿ, ಮೋಟಾರಿಗೆ ಸಿಕ್ಕಿ ತೀರಿಕೊಂಡಳು. ಆಶ್ರಮದ ತೋಟದಲ್ಲಿ ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಉತ್ಸವವಾಗುತ್ತಿತ್ತು. ವಾದ್ಯದವರು ಬಾಜಾಬಜಂತ್ರಿಯನ್ನು ನುಡಿಸುತ್ತಿದ್ದರು. ಹುಡುಗನು ಅಲ್ಲಿಗೆ ಓಡಿಹೋಗಿ ಮರಗಳ ನಡುವೆ ಆಡಿಕೊಳ್ಳುತ್ತಿದ್ದನು. ಸ್ಥಳದ ನಿಜವಾದ ಹೆಸರು ಏಕವಚನದಲ್ಲಿದೆ. ಲೆನ್ನನನು ಹಾಡಿನಲ್ಲಿ ಅದನ್ನು ಬಹುವಚನ ಮಾಡಿದನು. ಒಂದು ಬೇಲಿಯೊಳಗಿನ ತೋಟವು ಈ ಒಂದು ಪ್ರತ್ಯಯದಿಂದ ಎಲ್ಲೆಯಿಲ್ಲದ ಬಯಲಾಯಿತು. ವ್ಯಾಕರಣವನ್ನು ಕಲಿಯದವನು ಮಾಡಿದ ಈ ವಚನವ್ಯತ್ಯಯವನ್ನು ವೈಯಾಕರಣರೂ ಮೆಚ್ಚಬೇಕು.

ಹಾಡಿನ ಅರ್ಥವನ್ನು ಗದ್ಯವಾಗಿ ಹೇಳಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ಕೇಳುವವನನ್ನು ಆ ತೋಟಕ್ಕೆ ಕರೆಯುತ್ತಾನೆ. ಅಲ್ಲಿ ಯಾವುದೂ ನಿಜವಲ್ಲವೆನ್ನುತ್ತಾನೆ. ತಾನಿರುವ ಮರದಲ್ಲಿ ತನಗೆ ಸಮನಾಗಿ ಬೇರೆ ಯಾರೂ ಇಲ್ಲವೆಂದು ಹೇಳಲು ತೊಡಗಿ, ತಾನು ಮೇಲಿರುವನೋ ಕೆಳಗಿರುವನೋ ಎಂದು ತಡಬಡಿಸುತ್ತಾನೆ. ಹೌದೆಂದ ಮಾತನ್ನು ಅಲ್ಲವೆಂದು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಒಮ್ಮತವಿಲ್ಲದಿರಬಹುದೆಂದು ಕೊನೆಗೆ ತನ್ನೊಡನೆಯೇ ರಾಜಿಮಾಡಿಕೊಳ್ಳುತ್ತಾನೆ. ಇದು ಒಣಹರಟೆಯೆಂದು ತಳ್ಳಿದವರೂ ಉಂಟು. ದಂಡಿಯ 'ಕಾವ್ಯಾದರ್ಶ'ದ ದೋಷಪ್ರಕರಣವನ್ನು ನೋಡಿದವರಿಗೆ ಈ ಆಕ್ಷೇಪಕ್ಕೆ ಉತ್ತರ ದೊರೆಯುವುದು. ಅರ್ಥಶೂನ್ಯವಾದ ಮಾತು ಅಪಾರ್ಥವೆಂಬ ದೋಷವೆಂದು ಹೇಳಿದ ಆಚಾರ್ಯನೇ, ಉನ್ಮತ್ತನೂ ಮದ್ಯಪಾನಿಯೂ ಬಾಲಕನೂ ಆಡುವ ಮಾತಿನಲ್ಲಿ ಅದು ದೋಷವಲ್ಲವೆಂದನು. ಪೂರ್ವಾಪರವಿರುದ್ಧವಾದ ಮಾತಿಗೂ ಚಿತ್ತದ ಒಂದು ಅವಸ್ಥೆಯಲ್ಲಿ ಅನುಜ್ಞೆಯನ್ನು ಕೊಟ್ಟನು. ಇಲ್ಲಿ ಮಾತನಾಡುವವನು ಇಪ್ಪತ್ತಾರು ವರ್ಷದ ಜಗತ್ಪ್ರಸಿದ್ಧ ಗಾಯಕನಲ್ಲ. ಮರದ ಮೇಲೆ ಒಬ್ಬನೇ ಕುಳಿತಿರುವ ಹುಡುಗನು. ತಾನು ಇತರರಂತಲ್ಲವೆಂದು ಅವನಿಗೆ ಗೊತ್ತು. ಅದು ಹೆಚ್ಚಳವೋ ಹುಚ್ಚೋ ಎಂಬುದು ಗೊತ್ತಿಲ್ಲ. ಆ ತೊದಲೇ ಹಾಡಿನ ಜೀವ.

ಈ ಹಾಡಿನ ಮುದ್ರಣವು 1966ರ ನವೆಂಬರ್ 24ರಂದು ಲಂಡನ್ನಿನ ಅಬೆ ರಸ್ತೆಯ ಇ.ಎಂ.ಐ. ಸ್ಟುಡಿಯೋದಲ್ಲಿ ಮೊದಲಾಗಿ ಡಿಸೆಂಬರ್ 22ರ ವರೆಗೆ ನಡೆಯಿತು. ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿ, ನುಡಿಸಿ, ಟೇಪಿನಲ್ಲಿ ಹಿಡಿದರು. ಅವರು 'ಟೇಕ್' ಎನ್ನುವುದನ್ನು ಇಲ್ಲಿ ಪಾಠವೆಂದು ಕರೆಯಬಹುದು. ಏಳನೆಯ ಪಾಠವು ಮೃದುವಾದದ್ದು. ಅದರ ಆದಿಯಲ್ಲಿ ಮೆಲಟ್ರಾನ್ ಎಂಬ ಮನೆಯ ವಾದ್ಯದಿಂದ ಕೊಳಲಿನಂತಹ ನಾದವು ಹೊರಡುವುದು. ಮೆಕಾರ್ಟ್ನಿಯು ಅದನ್ನು ನುಡಿಸಿದನು. ಈ ವಾದ್ಯದ ಒಂದೊಂದು ಮನೆಯನ್ನು ಒತ್ತಿದರೂ ಒಳಗೆ ಒಂದೊಂದು ಟೇಪು ಓಡಿ, ಅದರಲ್ಲಿ ಹಿಡಿದಿಟ್ಟ ಕೊಳಲೋ ಪಿಟೀಲೋ ಕೇಳಿಸುವುದು. ಲೆನ್ನನನಿಗೆ ಇದು ಸಾಲದೆ ತೋರಿತು. ಮಾರ್ಟಿನನು ನಾಲ್ಕು ಟ್ರಂಪೆಟ್ಟುಗಳಿಗೂ ಮೂರು ಚೆಲ್ಲೋಗಳಿಗೂ ಸ್ವರ ಬರೆದುಕೊಟ್ಟನು. ಮದ್ದಳೆಯಂತೆ ಗುಡುಗುವ ತಾಳವಾದ್ಯಗಳು ಸೇರಿದವು. ಇಪ್ಪತ್ತಾರನೆಯ ಪಾಠವು ಸಿದ್ಧವಾಯಿತು. ಹಿಂದುಸ್ತಾನಿ ಗಾಯಕರು ತೊಡೆಯ ಮೇಲಿಟ್ಟುಕೊಂಡು ಮೀಟುವ ಸ್ವರಮಂಡಲವನ್ನು ಹ್ಯಾರಿಸನನು ಇದರಲ್ಲಿ ನುಡಿಸಿರುವನು. ಚರಣದ ಬಾಗಿಲಲ್ಲಿ ಅದರ ತಂತಿಗಳು ಝಲ್ಲೆಂದು ಇಳಿದುಬರುವುದನ್ನು ಕಿವಿಗೊಟ್ಟವರು ಗುರುತಿಸಬಹುದು. ಇದನ್ನು ಹಿಡಿದು ಭಾರತೀಯ ಸಂಗೀತದ ವಿಜಯವೆಂದು ಹೊಗಳಿಕೊಳ್ಳುವುದು ಅತಿರೇಕ. ಅಲ್ಲಿ ರಾಗವಿಲ್ಲ, ನಾದವರ್ಣ ಮಾತ್ರವಿದೆ. ಆದರೆ ಆ ವರ್ಣವು ಅಲ್ಲಿಗೆ ಉಚಿತವಾದದ್ದು.

ಲೆನ್ನನನಿಗೆ ಒಂದರ ಆದಿಯೂ ಇನ್ನೊಂದರ ಅಂತ್ಯವೂ ಮೆಚ್ಚಿಕೆಯಾಯಿತು. ಎರಡನ್ನೂ ಸೇರಿಸಿಬಿಡಿರೆಂದನು. ಶ್ರುತಿಯೂ ಬೇರೆ, ಕಾಲಪ್ರಮಾಣವೂ ಬೇರೆ ಎಂದು ಮಾರ್ಟಿನನು ಹೇಳಿದರೆ, ನಿಮ್ಮಿಂದ ಆದೀತೆಂದು ಹೇಳಿ ಹೊರಟುಹೋದನು. ಯಜಮಾನನು ಅಡಿಗೆಯವನಿಗೆ ಹೇಳುವ ಮಾತಿನಂತಿದೆ! ಆದರೆ ದೈವವು ಅನುಕೂಲವಾಗಿತ್ತು. ಟೇಪನ್ನು ನಿಧಾನವಾಗಿ ಓಡಿಸಿದರೆ ಕಾಲವು ವಿಳಂಬವಾಗುವುದಲ್ಲದೆ ಶ್ರುತಿಯೂ ಇಳಿಯುವುದು. ವೇಗವಾಗಿದ್ದ ಇಪ್ಪತ್ತಾರನೆಯ ಪಾಠವೇ ಶ್ರುತಿಯಲ್ಲಿಯೂ ಮೇಲಿತ್ತು. ಆದಕಾರಣ ಅದನ್ನು ಇಳಿಸಿ, ಏಳನೆಯದನ್ನು ತುಸು ಏರಿಸಿದರೆ ಎರಡೂ ಒಂದೆಡೆ ಸಂಧಿಸುವ ಸಂಭವವಿತ್ತು. ಮಾರ್ಟಿನನೂ ಯಂತ್ರಜ್ಞನಾದ ಜೆಫ್ ಎಮರಿಕನೂ ಸೇರಿ ಡಿಸೆಂಬರ್ 22ರಂದು ಕತ್ತರಿಸಿ ಜೋಡಿಸಿದರು. ಹಾಡು ತೊಡಗಿ ಒಂದು ನಿಮಿಷವಾಗುವಲ್ಲಿ ಆ ಸಂಧಿಯಿದೆ. ಅಲ್ಲಿಂದ ಮುಂದೆ ಗಾಯಕನ ಕಂಠವೇ ಬೇರೆಯಾಗುವುದು. ಇಳಿಸಿದ ಟೇಪಿನಿಂದಾಗಿ ದಪ್ಪವಾಗಿ, ಜಡವಾಗಿ, ನೀರಿನೊಳಗಿನಿಂದ ಬಂದಂತೆ ಕೇಳಿಸುವುದು. ತೋಟದ ಬಾಗಿಲಲ್ಲಿ ನಿಂತು ಕರೆದವನು ಈಗ ಒಳಗೆ ಹೊಕ್ಕಿದ್ದಾನೆ. ಹೊರಗಿನ ಬೆಳಕು ಅವನ ಹಿಂದೆ ಮುಚ್ಚಿಕೊಂಡಿದೆ. ಸಂಧಿಯು ಕಾಣದಂತೆ ಮಾಡಿದ್ದು ಕೌಶಲ. ಅದರಿಂದ ಅರ್ಥವು ಹುಟ್ಟಿದ್ದು ಅದೃಷ್ಟ.

ಕೊನೆಯಲ್ಲಿ ಹಾಡು ಕ್ಷೀಣಿಸಿ ಮುಗಿದಂತಾಗಿ, ಮತ್ತೆ ಎಲ್ಲಿಂದಲೋ ಉಬ್ಬಿ ಬಂದು, ಗೊಂದಲದಲ್ಲಿ ಆಡಗುವುದು. ಆ ಗದ್ದಲದಲ್ಲಿ ಲೆನ್ನನನು ಗೊಣಗಿದ್ದು ಒಂದು ಹಣ್ಣಿನ ಗೊಜ್ಜಿನ ಹೆಸರು. 1969ರಲ್ಲಿ ಕೆಲವರು ಅದನ್ನು ತಪ್ಪಾಗಿ ಕೇಳಿ, ಮೆಕಾರ್ಟ್ನಿಯು ಸತ್ತನೆಂಬುದಕ್ಕೆ ಪ್ರಮಾಣವೆಂದು ಎತ್ತಿಹಿಡಿದರು. ಬದುಕಿರುವವನಿಗೆ ಶ್ರಾದ್ಧಮಾಡುವ ವ್ಯಾಖ್ಯಾನಕಾರರು ಎಲ್ಲ ದೇಶಗಳಲ್ಲಿಯೂ ಉಂಟು.

ಇನ್ನು ಮಗುಚಿದ ಮುಖ. ಪೆನ್ನಿ ಲೇನ್ ಎಂಬುದು ಲಿವರ್‌ಪೂಲಿನ ಒಂದು ಬೀದಿ. ಬಸ್ಸುಗಳು ಬಂದು ಸೇರುವ ನಾಲ್ಕು ದಾರಿಗಳ ಕೂಟಕ್ಕೂ ಅದೇ ಹೆಸರು ಹತ್ತಿದೆ. ಲೆನ್ನನನೂ ಮೆಕಾರ್ಟ್ನಿಯೂ ಹುಡುಗರಾಗಿದ್ದಾಗ ಅಲ್ಲಿ ಇಳಿದು ಬಸ್ಸು ಬದಲಾಯಿಸುತ್ತಿದ್ದರು. ಮೆಕಾರ್ಟ್ನಿಯು ಜೊತೆಗಾರನ ತೋಟದ ಹಾಡನ್ನು ಕೇಳಿದ ಮೇಲೆ ಈ ಬೀದಿಯ ಹಾಡನ್ನು ತಂದನು. 1966ರ ಡಿಸೆಂಬರ್ 29ರಂದು ಅದರ ಮುದ್ರಣವು ಆರಂಭವಾಯಿತು. ಬಂದುಹೋದವರ ಕ್ಷೌರದ ಭಾವಚಿತ್ರಗಳನ್ನು ತೋರಿಸುವ ಕ್ಷೌರಿಕನು. ಮಳೆಯಲ್ಲಿಯೂ ಮೇಲಂಗಿ ತೊಡದೆ ಮಕ್ಕಳ ನಗೆಗೆ ಗುರಿಯಾಗುವ ಬ್ಯಾಂಕಿನವನು. ಮರಳುಗಡಿಯಾರವನ್ನಿಟ್ಟುಕೊಂಡು ತನ್ನ ಬಂಡಿಯನ್ನು ಥಳಥಳಿಸುವಂತೆ ಉಜ್ಜುವ ಅಗ್ನಿಶಾಮಕನು. ತಟ್ಟೆಯಲ್ಲಿ ಗಸಗಸೆಯ ಹೂಗಳನ್ನಿಟ್ಟು ಮಾರುವ ದಾದಿ. ಎಲ್ಲವೂ ಸ್ವಭಾವೋಕ್ತಿ, ಒಂದು ಉಪಮೆಗೂ ಕವಿಯು ಕೈಚಾಚುವುದಿಲ್ಲ.

ಮೇಲೆ ನೋಡಿದರೆ ಇದು ಸಂತೆಯ ವರ್ಣನೆ. ಕಿವಿಗೊಟ್ಟರೆ ಬೇರೊಂದು ಸಂಗತಿಯು ಹೊಳೆಯುವುದು. ಆಕಾಶವು ನೀಲಿಯಾಗಿದೆ ಎನ್ನುತ್ತಾನೆ, ಮರುನಿಮಿಷದಲ್ಲಿ ಮಳೆ ಸುರಿಯುತ್ತಿದೆ. ಬೇಸಗೆ ಎನ್ನುತ್ತಾನೆ, ಆದರೆ ಕಾಗದದ ಗಸಗಸೆಯ ಹೂವನ್ನು ಇಂಗ್ಲೆಂಡಿನಲ್ಲಿ ಮಾರುವುದು ನವೆಂಬರಿನಲ್ಲಿ, ಯುದ್ಧದಲ್ಲಿ ಮಡಿದವರ ಸ್ಮರಣೆಗಾಗಿ. ಇದು ಕಾಲವಿರೋಧವೆಂಬ ದೋಷವೆಂದು ಹೇಳಬಹುದಾಗಿತ್ತು. ದೇಶಕಾಲವಿರೋಧವು ಕವಿಕೌಶಲದಿಂದ ಗುಣವಾಗಿ ಪರಿಣಮಿಸುವುದುಂಟೆಂದು ದಂಡಿಯೇ ಹೇಳಿದ್ದಾನೆ. ಇಲ್ಲಿ ಆಗಿರುವುದು ಅದೇ. ಕವಿಯು ಬೀದಿಯನ್ನು ನೋಡುತ್ತಿಲ್ಲ, ನೆನೆಯುತ್ತಿದ್ದಾನೆ. ನೆನಪಿನಲ್ಲಿ ಋತುಗಳು ಒಂದರ ಹಿಂದೊಂದು ಬರುವುದಿಲ್ಲ. ಬೇಸಗೆಯೂ ನವೆಂಬರೂ ಒಂದೇ ಜಗಲಿಯಲ್ಲಿ ಕುಳಿತಿರುತ್ತವೆ. ಆ ದಾದಿಗಾದರೋ ತಾನು ಯಾವುದೋ ನಾಟಕದ ಪಾತ್ರವೆಂಬ ಭ್ರಾಂತಿ. ಭ್ರಾಂತಿಯಲ್ಲವೆಂದು ಕವಿಯೇ ಸೂಚಿಸುತ್ತಾನೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮೆಕಾರ್ಟ್ನಿಯ ತಾಯಿ ಮೇರಿಯು ದಾದಿಯೂ ಸೂಲಗಿತ್ತಿಯೂ ಆಗಿದ್ದಳು. ಮಗನಿಗೆ 14 ವರ್ಷವಾಗಿದ್ದಾಗ, 1956ರಲ್ಲಿ, ತೀರಿಕೊಂಡಳು. ಹಾಡಿನ ದಾದಿಯು ಅವಳೇ ಎಂದು ಸಾಧಿಸಲು ಹೊರಡುವುದು ಅರಸಿಕತೆ. ಕವಿಯು ಹಾಗೆ ಹೇಳಿಲ್ಲ. ಆದರೆ ಇದನ್ನು ತಿಳಿದ ಮೇಲೆ ಆ ನಾಲ್ಕುದಾರಿಯ ನಡುವಿನ ಹೆಂಗಸಿನ ಮೇಲೆ ದೃಷ್ಟಿಯು ಒಂದು ಕ್ಷಣ ಹೆಚ್ಚಾಗಿ ನಿಲ್ಲದೆ ಇರದು. ತಾಯಿಯನ್ನು ಕಳೆದುಕೊಂಡ ಇಬ್ಬರು ಹುಡುಗರು ಒಂದೇ ಊರನ್ನು ನೆನೆದು ಹಾಡಿದ್ದಾರೆ. ಒಬ್ಬನು ಅನಾಥಾಶ್ರಮದ ತೋಟಕ್ಕೆ ಹೋದನು, ಇನ್ನೊಬ್ಬನು ಅಂಗಡಿಬೀದಿಗೆ. ಒಬ್ಬನು ಕಣ್ಣುಮುಚ್ಚಿ ಹಾಡಿದನು, ಇನ್ನೊಬ್ಬನು ಕಣ್ಣುತೆರೆದು. ಎರಡು ಹಾಡುಗಳಲ್ಲಿಯೂ ಮನೆಯಿಲ್ಲ, ತಾಯಿಯ ಮಾತಿಲ್ಲ. ಹೇಳದೆ ಬಿಟ್ಟದ್ದು ಎರಡಕ್ಕೂ ಒಂದೇ. ವಾಚ್ಯದಲ್ಲಿ ಎಲ್ಲಿಯೂ ಕೂಡದ ಎರಡು ಪದ್ಯಗಳು ವ್ಯಂಗ್ಯದಲ್ಲಿ ಕೂಡಿ ಒಂದು ವಾಕ್ಯಾರ್ಥವನ್ನು ಮುಗಿಸುತ್ತವೆ. ಈ ಕಾರಣದಿಂದಲೇ ಇದನ್ನು ಯುಗ್ಮಕವೆಂದದ್ದು. ಒಂದು ತಟ್ಟೆಗೆ ಎರಡು ಮುಖವಿದೆಯೆಂಬ ಕಾರಣಕ್ಕೆ ಅಲ್ಲ.

'ಪೆನ್ನಿ ಲೇನಿ'ನ ವಾದ್ಯರಚನೆಯಲ್ಲಿ ಒಂದನ್ನು ಮಾತ್ರ ಹೇಳಿದರೆ ಸಾಕು. 1967ರ ಜನವರಿ 11ರ ರಾತ್ರಿ ಮೆಕಾರ್ಟ್ನಿಯು ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ಬಾಖನ ಎರಡನೆಯ ಬ್ರಾಂಡೆನ್‌ಬುರ್ಗ್ ಕೃತಿಯನ್ನು ಕೇಳಿದನು. ಅದರಲ್ಲಿ ಡೇವಿಡ್ ಮೇಸನ್ ಎಂಬ ವಿದ್ವಾಂಸನು ಪಿಕಲೋ ಟ್ರಂಪೆಟ್ ಎಂಬ ಚಿಕ್ಕ ತುತ್ತೂರಿಯನ್ನು ಅತ್ಯಂತ ಮೇಲಿನ ಸ್ಥಾಯಿಯಲ್ಲಿ ನುಡಿಸಿದ್ದನು. ಇದೇ ಬೇಕೆಂದು ಮೆಕಾರ್ಟ್ನಿಯು ಹಟಹಿಡಿದನು. ಆರು ದಿನಗಳಲ್ಲಿ ಮೇಸನನು ಸ್ಟುಡಿಯೋದಲ್ಲಿದ್ದನು. ಮೆಕಾರ್ಟ್ನಿಗೆ ಸ್ವರಲಿಪಿ ಬರೆಯಲು ಬಾರದು. ಅವನು ಬಾಯಿಯಲ್ಲಿ ಹಾಡಿ ತೋರಿಸಿದಂತೆ ಮಾರ್ಟಿನನು ಬರೆದುಕೊಟ್ಟನು. ದೇವಸ್ಥಾನದ ಗೋಪುರದಿಂದ ಕೇಳಿಬರುವಂತಿರುವ ಆ ಸ್ವಚ್ಛನಾದವು ಕ್ಷೌರದ ಅಂಗಡಿಯ ಮೇಲೆ ಬಿದ್ದಾಗ ಬೀದಿಯೆಲ್ಲ ತೊಳೆದಂತಾಗುವುದು.

ಹೀಗೆ ಸಿದ್ಧವಾದ ಹಾಡುಗಳು ಬಿಡಿಯಾಗಿ ಹೊರಬಂದದ್ದು ಕಾವ್ಯವಿವೇಕದಿಂದಲ್ಲ, ಪೇಟೆಯ ಅವಸರದಿಂದ. 1966ರ ಆಗಸ್ಟಿನಿಂದ ಮಂಡಲಿಯ ಹೊಸ ಹಾಡು ಹೊರಟಿರಲಿಲ್ಲ. ಕ್ರಿಸ್ಮಸ್ಸಿಗೆ ಹಳೆಯ ಹಾಡುಗಳ ಸಂಕಲನವೊಂದನ್ನು ಮಾರಿ ಕಂಪೆನಿಯು ಕಾಲಹರಣ ಮಾಡಿತು. ಮಂಡಲಿಯು ಒಡೆಯಿತೆಂದು ಪತ್ರಿಕೆಗಳು ಬರೆಯತೊಡಗಿದವು. ವ್ಯವಸ್ಥಾಪಕನಾದ ಬ್ರಯನ್ ಎಪ್‌ಸ್ಟೈನನು ಕಳವಳಗೊಂಡು, ಕೈಯಲ್ಲಿರುವುದರಲ್ಲಿ ಉತ್ತಮವಾದದ್ದನ್ನು ಕೊಡೆಂದು ಮಾರ್ಟಿನನನ್ನು ಕೇಳಿದನು. ಮಾರ್ಟಿನನು ಇವೆರಡನ್ನು ಕೊಟ್ಟನು. ತಟ್ಟೆಯು ಅಮೆರಿಕದಲ್ಲಿ 1967ರ ಫೆಬ್ರವರಿ 13ರಂದೂ ಇಂಗ್ಲೆಂಡಿನಲ್ಲಿ 17ರಂದೂ ಹೊರಬಂದಿತು. ಬ್ರಿಟನ್ನಿನಲ್ಲಿ ಮಂಡಲಿಯ ಸಿಂಗಲ್ಲಿಗೆ ಚಿತ್ರವಿರುವ ಲಕೋಟೆಯನ್ನು ತೊಡಿಸಿದ್ದು ಇದೇ ಮೊದಲು. ಒಂದು ಕಡೆ ಮೀಸೆ ಬಿಟ್ಟ ನಾಲ್ವರು ಯುವಕರ ಚಿತ್ರ; ಹಿಂದುಗಡೆ ಆ ನಾಲ್ವರೂ ಎಳೆಯ ಮಕ್ಕಳಾಗಿದ್ದಾಗಿನ ಭಾವಚಿತ್ರಗಳು. ವ್ಯಾಖ್ಯಾನವನ್ನು ಲಕೋಟೆಯೇ ಮಾಡಿಬಿಟ್ಟಿದೆ.

ಒಮ್ಮೆ ಸಿಂಗಲ್ ಆಗಿ ಮಾರಿದ ಹಾಡನ್ನು ಮತ್ತೆ ಆಲ್ಬಮಿನಲ್ಲಿ ಸೇರಿಸಿದರೆ ಕೊಳ್ಳುವವನು ಒಂದೇ ಸರಕಿಗೆ ಎರಡು ಸಲ ಹಣಕೊಟ್ಟಂತಾಗುವುದೆಂಬ ಧರ್ಮಬುದ್ಧಿಯು ಆಗ ಇಂಗ್ಲೆಂಡಿನಲ್ಲಿತ್ತು. ಆದಕಾರಣ ಜೂನ್ 1ರಂದು ಪ್ರಕಟವಾದ 'ಸಾರ್ಜೆಂಟ್ ಪೆಪ್ಪರ್' ಸಂಕಲನದಲ್ಲಿ ಇವೆರಡೂ ಇಲ್ಲ.

ಇನ್ನು ಮಾರಾಟದ ಕ್ರಮಪಟ್ಟಿಯ ಕಥೆ. 1963ರಿಂದ ಮಂಡಲಿಯ ಸಿಂಗಲ್ಲುಗಳು ಒಂದರ ಹಿಂದೊಂದು ಹನ್ನೊಂದು ಬಾರಿ ಬ್ರಿಟನ್ನಿನ ಪಟ್ಟಿಯಲ್ಲಿ ಪ್ರಥಮಸ್ಥಾನಕ್ಕೆ ಏರಿದ್ದವು. ಅವರ ಉತ್ಕೃಷ್ಟ ಕೃತಿಯೆಂದು ಇಂದು ಅನೇಕರು ಎಣಿಸುವ ಈ ತಟ್ಟೆಯು ಎರಡನೆಯ ಸ್ಥಾನದಲ್ಲಿಯೇ ನಿಂತಿತು. ತಡೆದವನು ಎಂಗೆಲ್ಬರ್ಟ್ ಹಂಪರ್‌ಡಿಂಕನು. ತಡೆದದ್ದು 'ರಿಲೀಸ್ ಮೀ' ಎಂಬ ಹಳೆಯ ಅಮೆರಿಕನ್ ಹಾಡು. ಅದು ಆರು ವಾರ ಪ್ರಥಮಸ್ಥಾನವನ್ನು ಬಿಡಲಿಲ್ಲ. ಈ ಗಾಯಕನ ಜನ್ಮನಾಮ ಆರ್ನಲ್ಡ್ ಜಾರ್ಜ್ ಡಾರ್ಸಿ; ಹುಟ್ಟಿದ್ದು 1936ರಲ್ಲಿ ಮದರಾಸಿನಲ್ಲಿ; ಹೆಸರನ್ನು ಎರವಲು ತಂದದ್ದು ಜರ್ಮನಿಯ ಒಬ್ಬ ಸಂಗೀತನಾಟಕಕಾರನಿಂದ. ಲಿವರ್‌ಪೂಲಿನವರನ್ನು ಸೋಲಿಸಿದವನು ಮದರಾಸಿನಲ್ಲಿ ಹುಟ್ಟಿದವನೆಂಬುದು ವಿನೋದದ ಸಂಗತಿಯೇ ಹೊರತು ಅದರಲ್ಲಿ ಸಿದ್ಧಾಂತವೇನೂ ಇಲ್ಲ. ಪತ್ರಿಕೆಗಳು ಇದನ್ನು ಮಂಡಲಿಯ ಪತನವೆಂದು ಬರೆದವು. ಆದರೆ ಅದೇ ಕಾಲದಲ್ಲಿ 'ಮೆಲೊಡಿ ಮೇಕರ್' ಪತ್ರಿಕೆಯ ಪಟ್ಟಿಯಲ್ಲಿ ಇದೇ ತಟ್ಟೆಯು ಪ್ರಥಮವಾಗಿತ್ತು. ಒಂದು ಪರೀಕ್ಷಾಮಂಡಲಿಯಲ್ಲಿ ಎರಡನೆಯ ದರ್ಜೆ, ಇನ್ನೊಂದರಲ್ಲಿ ಮೊದಲನೆಯದು! ಅಮೆರಿಕದವರಾದರೋ ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ಎಣಿಸಿದರು. 'ಪೆನ್ನಿ ಲೇನ್' ಮಾರ್ಚ್ ತಿಂಗಳಲ್ಲಿ ಒಂದು ವಾರ ಪ್ರಥಮವಾಯಿತು. 'ಸ್ಟ್ರಾಬೆರಿ ಫೀಲ್ಡ್ಸ್' ಎಂಟನೆಯದಕ್ಕೆ ನಿಂತಿತು. ಯುಗ್ಮಕದ ಪೂರ್ವಾರ್ಧಕ್ಕೆ ಒಂದು ಗುಣಾಂಕ, ಉತ್ತರಾರ್ಧಕ್ಕೆ ಇನ್ನೊಂದು ಗುಣಾಂಕ. ಇಂತಹ ಲೆಕ್ಕದಿಂದ ವರ್ತಕನಿಗೆ ಉಪಯೋಗವಿರಬಹುದು.

ಈಗ ಮಾರ್ಟಿನನ ಪಶ್ಚಾತ್ತಾಪಕ್ಕೆ ಬರಬಹುದು. ಅದರಲ್ಲಿ ಸಾರವಿಲ್ಲವೆಂದು ಹೇಳುವಂತಿಲ್ಲ. 1966ರ ಚಳಿಗಾಲದಲ್ಲಿ ಮಂಡಲಿಯು ಕೈಹಾಕಿದ್ದು ಮುಂದಿನ ಆಲ್ಬಮಿನ ಕೆಲಸಕ್ಕೆ. ಅದರ ಮೊದಲ ಫಲಗಳೇ ಈ ಹಾಡುಗಳು. ಇವು ಹೋದ ಮೇಲೆ ಬಾಲ್ಯಸ್ಮರಣೆಯ ಸೂತ್ರವು ಕಡಿದುಹೋಗಿ, 'ಸಾರ್ಜೆಂಟ್ ಪೆಪ್ಪರ್' ಬೇರೊಂದು ರೂಪವನ್ನು ತಾಳಿತು. ಅದರ 13 ಹಾಡುಗಳಲ್ಲಿ ಎರಡು ಮೂರು ಹಗುರವಾದವೆಂಬುದನ್ನು ಅದರ ಭಕ್ತರೂ ಒಪ್ಪುವರು. ಆ ಸ್ಥಾನಗಳಲ್ಲಿ ಇವೆರಡು ಇದ್ದಿದ್ದರೆ ಸಂಕಲನದ ತೂಕವು ಹೆಚ್ಚುತ್ತಿತ್ತೆಂಬುದು ನಿಜವೇ. ಆದರೆ ಈ ವಾದವು ಸಂಕಲನದ ಪಕ್ಷದಿಂದ ಮಾಡಿದ್ದು; ಹಾಡುಗಳ ಪಕ್ಷದಿಂದ ಯಾರೂ ಕೇಳಿದಂತಿಲ್ಲ. 'ಸಾರ್ಜೆಂಟ್ ಪೆಪ್ಪರ್' ಎಂಬುದು ವೇಷದ ಸಂಕಲನ. ಇಲ್ಲದ ಒಂದು ವಾದ್ಯಮಂಡಲಿಯ ವೇಷವನ್ನು ತೊಟ್ಟು, ಇಲ್ಲದ ಸಭೆಯ ಕರತಾಡನದ ನಡುವೆ ಹಾಡುವುದು ಅದರ ಕಲ್ಪನೆ. ಮರದ ಮೇಲೆ ಕುಳಿತ ಹುಡುಗನ ತೊದಲಿಗೆ ಆ ಸಭೆಯಲ್ಲಿ ಪೀಠವೆಲ್ಲಿ? ಅದನ್ನು ಹಾಡುವವನು ಸಾರ್ಜೆಂಟನ ವೇಷದವನೆಂದಾದ ಕೂಡಲೆ ತೊದಲು ಅಭಿನಯವಾಗುವುದು. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನು ಇದನ್ನು ಸಹಿಸುತ್ತಿರಲಿಲ್ಲ. ಮೇಲಾಗಿ ಹದಿಮೂರರ ನಡುವೆ ಎರಡನ್ನು ಎಲ್ಲಿಯಾದರೂ ಬೇರೆಬೇರೆಯಾಗಿ ಕೂರಿಸಬೇಕಾಗುತ್ತಿತ್ತು. ಪರಸ್ಪರಾಪೇಕ್ಷೆಯು ಅಲ್ಲಿಗೆ ಮುಗಿಯಿತು. ಅವಸರದ ವರ್ತಕನೊಬ್ಬನು ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡದ್ದರಿಂದ ಇವು ಒಂದಕ್ಕೊಂದು ಬೆನ್ನುಕೊಟ್ಟು ಕೂಡುವಂತಾಯಿತು. ಘುಣಾಕ್ಷರನ್ಯಾಯವೆಂದರೆ ಇದೇ: ಹುಳುವು ಮರವನ್ನು ಕೊರೆಯಿತು, ಅಕ್ಷರವು ಮೂಡಿತು. ಹುಳುವಿಗೆ ಅಕ್ಷರ ಬಾರದೆಂದು ಅಕ್ಷರವನ್ನು ಅಳಿಸಬೇಕಾದದ್ದಿಲ್ಲ.

ತಟ್ಟೆಯ ರಚನೆಯೂ ಇದಕ್ಕೆ ಸಹಾಯಕವಾಗಿದೆ. ಮೊದಲ ಹಾಡು ಮುಗಿದ ಮೇಲೆ ಮುಳ್ಳು ಗರಗರ ಸುತ್ತುವುದು. ಕೇಳುವವನು ಎದ್ದು ಹೋಗಿ, ತಟ್ಟೆಯನ್ನು ಕೈಯಾರೆ ಮಗುಚಬೇಕು. ತೋಟದಿಂದ ಬೀದಿಗೆ ಬರಲು ಅಷ್ಟು ಹೊತ್ತು ಬೇಕು.

ಮುಂದಿನ ಮರುಮುದ್ರಣಗಳಲ್ಲಿ ಈ ಮಗುಚುವಿಕೆಯೇ ಮೊದಲು ಕಳೆದುಹೋದದ್ದು. ಅಮೆರಿಕದ ಕ್ಯಾಪಿಟಲ್ ಕಂಪೆನಿಯವರಿಗೆ ಬ್ರಿಟಿಷರ ಧರ್ಮಬುದ್ಧಿಯು ಇರಲಿಲ್ಲ. 1967ರ ನವೆಂಬರಿನಲ್ಲಿಯೇ 'ಮ್ಯಾಜಿಕಲ್ ಮಿಸ್ಟರಿ ಟೂರ್' ಎಂಬ ದೊಡ್ಡ ತಟ್ಟೆಯ ಎರಡನೆಯ ಮುಖಕ್ಕೆ ಆ ವರ್ಷದ ಸಿಂಗಲ್ಲುಗಳನ್ನೆಲ್ಲ ಸುರಿದರು. ಅದರಲ್ಲಿ ಈ ಎರಡು ಹಾಡುಗಳು ಒಂದರ ಪಕ್ಕದಲ್ಲೊಂದು ಇವೆ, ಆದರೆ ನಡುವೆ ಎರಡು ಉಸಿರಿನ ವಿರಾಮವೂ ಇಲ್ಲ. ಸಾಲದುದಕ್ಕೆ 'ಪೆನ್ನಿ ಲೇನ್' ಅಲ್ಲಿ ನಿಜವಾದ ಸ್ಟೀರಿಯೋ ಅಲ್ಲ. ಒಂದೇ ಧ್ವನಿಯನ್ನು ಯಂತ್ರದಿಂದ ಎರಡಾಗಿ ಸೀಳಿದ್ದು. 1973ರ '1967–1970' ಎಂಬ ಸಂಕಲನವು ಇವೆರಡರಿಂದಲೇ ತೊಡಗುವುದು. ಹೆಚ್ಚು ಜನರು ಈ ಹಾಡುಗಳನ್ನು ಕಲಿತದ್ದು ಅದರಿಂದಲೇ ಇರಬೇಕು. 1987ರಲ್ಲಿ ಕಾಂಪ್ಯಾಕ್ಟ್ ಡಿಸ್ಕುಗಳಾಗಿ ಮಂಡಲಿಯ ಸಮಗ್ರಕೃತಿಗಳನ್ನು ಹೊರಡಿಸುವಾಗ ಅಮೆರಿಕದವರ 'ಮ್ಯಾಜಿಕಲ್ ಮಿಸ್ಟರಿ ಟೂರ್' ವಿನ್ಯಾಸವನ್ನೇ ಅಂಗೀಕರಿಸಿದರು. ಹೀಗೆ ಮುಕ್ತವಾಗಿ ಹುಟ್ಟಿದ ಪದ್ಯಗಳಿಗೆ ತಮ್ಮದಲ್ಲದ ಒಂದು ಪ್ರಬಂಧವು ಕಾಯಂ ವಿಳಾಸವಾಯಿತು.

ಪಾಠಾಂತರಗಳ ವಿಷಯವು ಇನ್ನೂ ಸ್ವಾರಸ್ಯವಾದದ್ದು. 'ಪೆನ್ನಿ ಲೇನಿ'ನ ಒಂದು ಪೂರ್ವಪಾಠದಲ್ಲಿ ಕೊನೆಯ ಕ್ಷಣಕ್ಕೆ ಮೇಸನನ ತುತ್ತೂರಿಯ ಕೆಲವು ಸ್ವರಗಳು ಅಧಿಕವಾಗಿದ್ದವು. ರೇಡಿಯೋ ನಿಲಯಗಳಿಗೆ ಕೊಡುವ ಪ್ರತಿಗಳಿಗಾಗಿ ಅದನ್ನು ಅಮೆರಿಕಕ್ಕೆ ಕಳುಹಿಸಿಯೂ ಆಗಿತ್ತು. ಬಳಿಕ ಕರ್ತೃಗಳೇ ಆ ಬಾಲವನ್ನು ಕತ್ತರಿಸಿ ಹೊಸ ಪಾಠವನ್ನು ಮಾಡಿದರು. ಅಂಗಡಿಗೆ ಬಂದದ್ದು ಅದೇ. ಹಳೆಯ ಪ್ರತಿಗಳು ಸಂಗ್ರಾಹಕರ ಕೈಯಲ್ಲಿ ದುಬಾರಿಯಾದವು. 1980ರಲ್ಲಿ ಅಮೆರಿಕದ 'ರೇರಿಟೀಸ್' ಸಂಕಲನದಲ್ಲಿ ಆ ಸ್ವರಗಳನ್ನು ಮತ್ತೆ ಅಂಟಿಸಿ ಎಲ್ಲರಿಗೂ ಕೇಳಿಸಿದರು. ಕೇಳಿದರೆ ಕತ್ತರಿಸಿದವರ ವಿವೇಕವೇ ಮೆಚ್ಚಿಕೆಯಾಗುವುದು. ಮುಗಿದ ಪತ್ರಕ್ಕೆ ಮರುಟಿಪ್ಪಣಿಯಂತೆ ಅದು ನಾದವನ್ನು ಕಿರಿದುಮಾಡುತ್ತದೆ. ಅಪೂರ್ವವೆಂಬ ಮಾತ್ರಕ್ಕೆ ಅಧಿಕಪಾಠವು ಉತ್ತಮಪಾಠವಾಗದು.

ಲೆನ್ನನನು 1980ರ ಡಿಸೆಂಬರ್ 8ರಂದು ಕೊಲೆಗೀಡಾದನು. 1996ರ 'ಆಂಥಾಲಜಿ'ಯ ಎರಡನೆಯ ಸಂಪುಟದಲ್ಲಿ ಅವನು ಮನೆಯಲ್ಲಿ ಒಬ್ಬನೇ ಗಿಟಾರನ್ನು ಮೀಟುತ್ತ ಹಾಡಿಕೊಂಡ ಕರಡುಗಳೂ, ಸ್ಟುಡಿಯೋದ ಮೊದಲನೆಯ ಪಾಠವೂ, ಸಂಧಿಗೆ ಮುಂಚಿನ ಏಳನೆಯ ಪಾಠವೂ ಪ್ರಕಟವಾದವು. ಏಳನೆಯ ಪಾಠವನ್ನು ಪೂರ್ತಿಯಾಗಿ ಕೇಳಿದವರಿಗೆ, ಇಷ್ಟೇ ಸಾಕಾಗಿತ್ತಲ್ಲವೇ ಎಂಬ ಸಂದೇಹವು ಬರುವುದು ಸಹಜ; ಅಷ್ಟು ಮುಗ್ಧವಾಗಿದೆ ಅದು. ಆದರೆ ಅದರಲ್ಲಿ ಹುಡುಗನು ಬಾಗಿಲಲ್ಲಿಯೇ ನಿಂತಿದ್ದಾನೆ, ಒಳಗೆ ಹೊಗುವುದಿಲ್ಲ. ಕರಡನ್ನು ಪ್ರಕಟಿಸುವುದು ತಪ್ಪಲ್ಲ. ಕರ್ತೃವು ಒಪ್ಪಿ ಹೊರಡಿಸಿದ ಪಾಠದ ಪೀಠದಲ್ಲಿ ಅದನ್ನು ಕೂರಿಸುವುದು ತಪ್ಪು. ಇತ್ತೀಚೆಗೆ ಕೆಲವು ರಸಿಕರು ಆ ಕಡೆಗೆ ಒಲಿಯುತ್ತಿರುವರು.

ಮಾರ್ಟಿನನು 2016ರಲ್ಲಿ ತೀರಿಕೊಂಡನು. ಮರುವರ್ಷ ಏಪ್ರಿಲಿನಲ್ಲಿ ಆ 7 ಅಂಗುಲದ ತಟ್ಟೆಯನ್ನು, ಎರಡು ಮುಖಗಳಲ್ಲಿ ಎರಡು ಹಾಡುಗಳೊಡನೆ, ಮತ್ತೆ ಅಚ್ಚುಹಾಕಿ ಮಾರಿದರು. ಮೇ ತಿಂಗಳಲ್ಲಿ 'ಸಾರ್ಜೆಂಟ್ ಪೆಪ್ಪರಿ'ನ ಅರ್ಧಶತಮಾನದ ಆವೃತ್ತಿಯು ಹೊರಬಂದಿತು. ಅದನ್ನು ಸಿದ್ಧಪಡಿಸಿದವನು ಮಾರ್ಟಿನನ ಮಗ ಗೈಲ್ಸನು. ತಂದೆಯು ಹೊರಗಿಟ್ಟ ಎರಡು ಹಾಡುಗಳನ್ನೂ ಅವನು ಆ ಆವೃತ್ತಿಗೆ ಸೇರಿಸಿರುವನು; ಆದರೆ ಮೂಲದ 13 ಹಾಡುಗಳ ಸಾಲಿನಲ್ಲಿ ಅಲ್ಲ, ಬೇರೆ ತಟ್ಟೆಯಲ್ಲಿ.